ಅಕ್ಕನ ಅರವತ್ತೆರಡು, ತಂಗಿಯ ನೂರು

ಬೆಳಗಿನ ಐದೂವರೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಓಣಿಯ ಮೂರನೇ ಮನೆಯ ಬಾಗಿಲು ತಟ್ಟಿ, ಉತ್ತರಕ್ಕೂ ಕಾಯದೆ ಅಡುಗೆಮನೆಗೆ ನುಗ್ಗುತ್ತಾರೆ. ಮೂಲೆಯಲ್ಲಿ ಹಳೆಯ ಮೂರು ಕಲ್ಲಿನ ಒಲೆ. ಕಿಟಕಿಯ ಬಳಿ ವಿದೇಶಿ ನೆರವಿನಲ್ಲಿ ಬಂದ, ಹೊಗೆ ಕಡಿಮೆಯ ಕಬ್ಬಿಣದ ಒಲೆ. ಅವರು ಬಗ್ಗಿ ಹೊಸ ಒಲೆಯ ಬೂದಿಯೊಳಗೆ ಬೆರಳಿಡುತ್ತಾರೆ. ರಾತ್ರಿ ಅಡುಗೆಯಾಗಿದ್ದರೆ ಬೂದಿಯ ತಳ ಮುಂಜಾನೆಯವರೆಗೂ ಬೆಚ್ಚಗಿರುತ್ತದೆ.

"ನಿಮಗೆ ನಿದ್ದೇನೇ ಬರಲ್ವಾ ಅಕ್ಕಾ? ಕಳ್ಳರೂ ಇಷ್ಟೊತ್ತಿಗೆ ಮನೆ ಸೇರಿರ್ತಾರೆ," ಮನೆಯೊಡತಿ ಕಣ್ಣುಜ್ಜಿಕೊಳ್ಳುತ್ತಾಳೆ.

"ಕಳ್ಳರಿಗೆ ಬೂದಿ ಯಾಕೆ ಬೇಕು? ಇದನ್ನ ಹಚ್ಚಿಲ್ಲ ಯಾಕೆ, ಅದು ಹೇಳು."

"ಏಳು ಜನರ ಪಾತ್ರೆ ಇದರ ಮೇಲೆ ಕೂರುತ್ತಾ? ವಾಲುತ್ತೆ."

ಅವರ ಲೆಕ್ಕದ ಪುಸ್ತಕದಲ್ಲಿ ಒಂದು ಸೊನ್ನೆ, ಪಕ್ಕದಲ್ಲಿ 'ಬಾಯಿ ಚಿಕ್ಕದು' ಎಂಬ ಟಿಪ್ಪಣಿ. ಒಲೆ ಉರಿದಷ್ಟೂ ಕಾಡಿನ ಸೌದೆ ಉಳಿಯುತ್ತದೆ, ಗಾಳಿಗೆ ಸೇರುವ ಇಂಗಾಲ ತಗ್ಗುತ್ತದೆ. ಆ ಲೆಕ್ಕ ನಂಬಿಯೇ ದೂರದ ದೇಶಗಳು ನೆರವು ಕಳಿಸುತ್ತವೆ. ಲೆಕ್ಕದ ಬುಡದಲ್ಲಿರುವುದು ಇವರ ಬೆರಳು. ಒಲೆ ಹಂಚಿದ ಸಂಸ್ಥೆಯ ಕಚೇರಿ ಇವರ ಪಾಲಿಗೆ ಕೊಟ್ಟಿರುವುದು ನೂರು ಮನೆ. ಬೆಚ್ಚಗಿರುವುದು ಅರವತ್ತೆರಡು.

ಪಕ್ಕದ ಬೀದಿಯ ನೂರು ಮನೆ ಇವರ ತಂಗಿಯ ಪಾಲಿನದು. ಅಲ್ಲಿ ನೂರಕ್ಕೆ ನೂರು. ಹದಿನೈದು ವರ್ಷ ತಲೆಯ ಮೇಲೆ ಸೌದೆ ಹೊತ್ತು ತಂಗಿಯನ್ನು ಓದಿಸಿದವರು ಅಕ್ಕ. ಈ ಕೆಲಸ ಕೊಡಿಸಿದವರೂ ಅಕ್ಕನೇ. ತಂಗಿ ಹನ್ನೊಂದು ಗಂಟೆಗೆ ಹೊರಡುತ್ತಾಳೆ, "ಬಳಸ್ತೀರಾ ತಾನೇ?" ಎಂದು ನಗುನಗುತ್ತಾ ಕೇಳುತ್ತಾಳೆ. ಮನೆಗೆ ಬಂದವಳಿಗೆ ಯಾರು ಇಲ್ಲವೆನ್ನುತ್ತಾರೆ? ವಾರ್ಷಿಕ ವರದಿಯ ಮುಖಪುಟದಲ್ಲಿ ಅವಳದೇ ಚಿತ್ರ. "ನನ್ನ ಸೀರೆ ಉಟ್ಕೊಂಡೇ ಫೋಟೋ ತೆಗೆಸ್ಕೊಂಡ್ಳು," ಎನ್ನುವಾಗ ಅಕ್ಕನ ದನಿ ಕಹಿಯಾಗುತ್ತದೆ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಹೊರದೇಶದ ಹವಾಮಾನ ಸಮ್ಮೇಳನಕ್ಕೆ ಈ ಕಚೇರಿಯಿಂದ ಒಬ್ಬರಿಗೆ ವಿಮಾನದ ಸೀಟು ಎಂಬ ಸುದ್ದಿ ಬಂತು. ತಂಗಿಯ ಹೆಸರು ಬಹುತೇಕ ಖಚಿತ, ತನಿಖೆಯೊಂದೇ ಬಾಕಿ. ತನಿಖಾಧಿಕಾರಿಗೆ ತಂಗಿಯ ಬೀದಿ ತೋರಿಸುವ ಕೆಲಸ ಅಕ್ಕನ ಪಾಲಿಗೆ ಬಿತ್ತು. ತನಿಖೆಯ ಹಿಂದಿನ ಸಂಜೆ ತಂಗಿ ಓಡಿಬಂದಳು.

"ಅಕ್ಕಾ, ನಾಳೆ ಒಂಬತ್ತರ ಮೇಲೆ ಕರ್ಕೊಂಡು ಬಾರೇ. ಅಷ್ಟರಲ್ಲಿ ಎಲ್ಲರ ಮನೇಲೂ ಒಲೆ ಹಚ್ಚಿಸ್ತೀನಿ."

ಅಕ್ಕ ಮರುದಿನ ಐದಕ್ಕೇ ಹೋಗಿ ಅಧಿಕಾರಿಯನ್ನು ಎಬ್ಬಿಸಿದರು.

ಹತ್ತು ಮನೆಗಳಲ್ಲಿ ಬೆರಳಿಟ್ಟರು. ಏಳರಲ್ಲಿ ಬೂದಿ ತಣ್ಣಗಿತ್ತು. ಅವರಿನ್ನೂ ಎಂಟನೇ ಮನೆಯಲ್ಲಿದ್ದಾಗ ಸುದ್ದಿ ಕೇಳಿ ಓಡಿಬಂದ ತಂಗಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಸೀಟು ತಂಗಿಯ ಕೈತಪ್ಪಿತು. ಅಕ್ಕನಿಗೂ ದಕ್ಕಲಿಲ್ಲ, ನೂರಕ್ಕೆ ಬರೀ ಅರವತ್ತೆರಡು ಎಂದು ವೇದಿಕೆಯ ಮೇಲೆ ಹೇಳಿಸುವುದು ಹೇಗೆಂದು ಹಿಂಜರಿದು ಮುಖ್ಯ ಕಚೇರಿಯ ಸಾಹೇಬರೇ ಹೊರಟರು. ಆದರೆ ಹೋಗುವ ಮುನ್ನ ಅಕ್ಕನ ಟಿಪ್ಪಣಿಗಳನ್ನು ತರಿಸಿಕೊಂಡರು. ಈಗ ಅಗಲ ಬಾಯಿಯ ಒಲೆ ತಯಾರಾಗುತ್ತಿದೆ. ಮೊದಲ ಕಂತು ತಂಗಿಯ ಬೀದಿಗೇ ಹೋಗಲೆಂದು ಅಕ್ಕ ಬರೆದುಕೊಟ್ಟಿದ್ದಾರೆ. ತಂಗಿ ಮಾತು ಬಿಟ್ಟು ತಿಂಗಳಾಗಿದೆ.

ಹೊಟ್ಟೆಕಿಚ್ಚಿನಿಂದ ಹಾಗೆ ಮಾಡಿದಿರಾ ಎಂದು ಕೇಳಿದರೆ ಅವರು ತಲೆ ತಗ್ಗಿಸುವುದಿಲ್ಲ.

"ಹೌದು, ಇತ್ತು. ತುಂಬಾನೇ ಇತ್ತು. ಸತ್ಯಕ್ಕೋಸ್ಕರ ಮಾತ್ರ ಹೋದೆ ಅಂದ್ರೆ ಅದೂ ಸುಳ್ಳು ಲೆಕ್ಕವೇ ಆಗುತ್ತೆ."

ಮುಂದಿನ ಮನೆಯ ಬಾಗಿಲ ಬಳಿ ನಿಂತು ಪುಸ್ತಕ ತೆರೆಯುತ್ತಾರೆ.

"ಅವಳು ಒಂದ್ಸಲ ಬಂದು ಬಾಯ್ತುಂಬ ಬೈದು ಹೋಗ್ಲಿ, ಸಾಕು. ಮುಂದಿನ ಸಲ ಇಬ್ಬರಿಗೂ ಸೀಟು ಸಿಕ್ಕರೆ ಇನ್ನೂ ಸಂತೋಷ. ಆದ್ರೆ ಕಿಟಕಿ ಪಕ್ಕದ್ದು ನನಗೇ. ಅದನ್ನ ಮಾತ್ರ ಅವಳಿಗೆ ಬಿಟ್ಟುಕೊಡಲ್ಲ."