ದಿಬ್ಬದ ಕೋಟೆಯಲ್ಲಿ ಮನೆ ಕೇಳಿಕೊಂಡದ್ದು

ವೇಲ್ಸ್‌ನ ಒಂದು ಕೋಟೆಯನ್ನು ನೋಡಲು ನಾನು, ಗಂಡ, ಮಗಳು ನಾವಿರುವ ನಾಟಿಂಗ್‌ಹ್ಯಾಮ್‌ನಿಂದ ಮೂರು ಗಂಟೆಗೂ ಹೆಚ್ಚು ಕಾರಿನಲ್ಲಿ ಕೂತು ಹೋದೆವು. ಹೋಗಿ ನೋಡಿದರೆ ಕುರಿ ಮೇಯುವ ಹೊಲದ ನಡುವೆ ಒಂದು ಮಣ್ಣಿನ ದಿಬ್ಬ, ಅದರ ನೆತ್ತಿಯಲ್ಲಿ ಮೊಣಕಾಲೆತ್ತರದ ಮುರುಕು ಗೋಡೆ. ಯಾರು ಕಟ್ಟಿಸಿದರು, ಯಾಕೆ ಬಿಟ್ಟುಹೋದರು ಎಂಬುದಕ್ಕೆ ಹೆಚ್ಚಿನ ದಾಖಲೆ ಇಲ್ಲವೆಂದು ಗೇಟಿನ ಫಲಕವೇ ಒಪ್ಪಿಕೊಂಡಿತ್ತು. ಸಂರಕ್ಷಿತ ಸ್ಮಾರಕ ಎಂದೂ ಬರೆದಿತ್ತು. ಅದನ್ನು ನಾನು ಸರಿಯಾಗಿ ಓದಲಿಲ್ಲ. ನಾನು ಮಧುಗಿರಿ ಕೋಟೆಯ ಬುಡದಲ್ಲಿ ಬೆಳೆದವಳು. ಇದನ್ನು ಕೋಟೆ ಎನ್ನಲು ನಮ್ಮೂರಿನವರು ಲಂಚ ಕೇಳುತ್ತಾರೆ. ಆದರೂ ಮೇಲೆ ಹತ್ತಿ ಗಾಳಿಗೆ ನಿಂತಾಗ ನಮ್ಮೂರ ಬೆಟ್ಟವೇ ನೆನಪಾಯಿತು.

ಸೋಮವಾರ ನಾವು ನಾಟಿಂಗ್‌ಹ್ಯಾಮ್‌ನಲ್ಲಿ ಕೊಳ್ಳಲಿದ್ದ ಮನೆಯ ಮಾರ್ಟ್‌ಗೇಜ್ ಸಾಲಕ್ಕೆ ಸಹಿ ಹಾಕಬೇಕಿತ್ತು. ಗಂಡನಿಗೆ ಸಡಗರವೋ ಸಡಗರ. ನನಗೆ ಮನಸ್ಸಿರಲಿಲ್ಲ, ಹಾಗೆಂದು ಹೇಳಿಯೂ ಇರಲಿಲ್ಲ. ನನಗೆ ಬೇಕಿದ್ದದ್ದು ಮಧುಗಿರಿಯಲ್ಲೊಂದು ಮನೆ. ನಮ್ಮ ಕಡೆ ಬೆಟ್ಟ ಹತ್ತಿದವರು ಕಲ್ಲಿನ ಮೇಲೆ ಕಲ್ಲಿಟ್ಟು, ಸ್ವಂತ ಮನೆಯಾಗಲಿ ಎಂದು ಬೇಡಿಕೊಳ್ಳುತ್ತಾರೆ. ಅಮ್ಮ ವರ್ಷ ವರ್ಷವೂ ಇಟ್ಟಳು. ಕೊನೆಗೆ ಕಣ್ಣು ಮುಚ್ಚಿದ್ದು ಬಾಡಿಗೆ ಮನೆಯಲ್ಲೇ.

ನನ್ನ ಕೈ ಸುಮ್ಮನಿರಲಿಲ್ಲ. ಗೋಡೆಯ ಪಕ್ಕ ಬಿದ್ದಿದ್ದ ನಾಲ್ಕು ಕಲ್ಲುಗಳನ್ನು ಎತ್ತಿ ಒಂದರ ಮೇಲೊಂದು ಜೋಡಿಸಿ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ಎದುರಿಗೆ ನಾಯಿ ಹಿಡಿದುಕೊಂಡ ವಯಸ್ಸಾದ ಹೆಂಗಸೊಬ್ಬರು. ಹೊಲ ಅವರದಂತೆ. ಬೈಯಲಿಲ್ಲ. ಇಲ್ಲಿ ಕಲ್ಲು ಬಿದ್ದಲ್ಲೇ ಇರಬೇಕು, ದಯವಿಟ್ಟು ಮೊದಲಿದ್ದ ಜಾಗಕ್ಕೇ ಇಡಿ ಎಂದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಕಲ್ಲು ಎತ್ತಿದ ಕಡೆ ಹುಲ್ಲು ಬಿಳಿಚಿಕೊಂಡು ಅದೇ ಆಕಾರದಲ್ಲಿ ಕಾಣುತ್ತಿತ್ತು. "ಅಮ್ಮಾ, ದಿಸ್ ಒನ್ ಗೋಸ್ ಹಿಯರ್," ಎನ್ನುತ್ತ ಒಂಬತ್ತು ವರ್ಷದ ಮಗಳೇ ಒಂದೊಂದನ್ನೂ ಹೊಂದಿಸಿಟ್ಟಳು.

ಇಳಿಯುವಾಗ ಗಂಡ, "ಏನ್ ಕೇಳ್ಕೊಂಡೆ?" ಎಂದ.

"ಮನೆ."

"ಅದು ಸೋಮವಾರ ಆಗೇ ಹೋಗತ್ತಲ್ಲ!"

"ಮಧುಗಿರೀಲಿ," ಎಂದೆ.

ಅವನ ನಗು ಇಳಿಯಿತು. "ಅಲ್ಲಿ ಈಗ ಯಾರಿದಾರೆ?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಸಿಟ್ಟಿರಲಿಲ್ಲ. ಅಮ್ಮನಿಲ್ಲದ ಊರಿನಲ್ಲಿ ಅಮ್ಮನಿಗೆಂದೇ ಮನೆ ಕೇಳಿಕೊಂಡಿದ್ದೆನೆಂದು ಆಗ ನನಗೇ ಗೊತ್ತಾಯಿತು.

"ಯಾರೂ ಇಲ್ಲ," ಎಂದೆ.

ಸೋಮವಾರ ಸಹಿ ಹಾಕಿದೆ. ಗಂಡ ವಕೀಲರ ಆಫೀಸಿನ ಮೆಟ್ಟಿಲ ಮೇಲೆಯೇ ನಿಂತು ಎಲ್ಲರಿಗೂ ಫೋನ್ ಮಾಡಿದ. ನಾನೂ ಫೋನ್ ಕೈಗೆತ್ತಿಕೊಂಡೆ. ಅಮ್ಮನ ನಂಬರ್ ಇನ್ನೂ ಅದರಲ್ಲೇ ಇತ್ತು.