ಕೂಳೂರು ಸಂಕದ ಮೇಲೆ ಪೈಪು ಪರೀಕ್ಷೆ

ಐವತ್ತಮೂರನೆಯ ವಯಸ್ಸಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು ಒಂದು ಕೊಳವೆಯ ಮೋಹಕ್ಕೆ ಬಿದ್ದ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ, ನನ್ನ ಹೆಂಡತಿ ಸುಜಾತ ನಿಮಗಿಂತ ಮೊದಲೇ ನಕ್ಕಾಗಿದೆ. ಕಾರಿನ ಹೊಟ್ಟೆಯೊಳಗೆ ಎಲ್ಲೋ ಅಡಗಿ ಕೂತು, ಹೊರಗಿನಿಂದ ನೋಡಿದರೆ ಒಂದಿಷ್ಟೂ ಕಾಣಿಸದ ಆ ಎರಡಡಿ ಪೈಪಿನ ಬಗ್ಗೆ ನಾನು ಮೂರು ತಿಂಗಳು ಓದಿದೆ, ವಿಡಿಯೋ ನೋಡಿದೆ, ಮುಖಪರಿಚಯವಿಲ್ಲದ ಹುಡುಗರ ಜೊತೆ ವಾಟ್ಸಾಪಿನಲ್ಲಿ ವಾದ ಮಾಡಿದೆ. ಮದುವೆಗೆ ಮೊದಲು ತನ್ನನ್ನು ನೋಡಲು ಬಂದಾಗ ನಾನು ಕೇಳಿದ್ದು ಎರಡೇ ಪ್ರಶ್ನೆ ಎಂದು ಸುಜಾತ ನೆನಪಿಸಿದಳು.

ವಿಷಯ ಗೊತ್ತಿಲ್ಲದವರಿಗಾಗಿ ಒಂದಿಷ್ಟು ಹೇಳುತ್ತೇನೆ, ಗೊತ್ತಿರುವವರು ಕ್ಷಮಿಸಬೇಕು. ಟರ್ಬೊ ಇರುವ ಎಂಜಿನ್ನಿಗೆ ತಾನು ಬಿಟ್ಟ ಉಸಿರೇ ಬಲ. ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಇನ್ನೊಂದನ್ನು ತಿರುಗಿಸಿ ಹೊಸ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಹಾಗೆ ದುಡಿದು ದಣಿದ ಹೊಗೆ ಇಳಿದು ಹೋಗುವ ಮೊದಲ ದಾರಿಯೇ ಡೌನ್‌ಪೈಪು. ಕಾರು ಮಾಡುವವರು ಆ ದಾರಿಯನ್ನು ಸ್ವಲ್ಪ ಇಕ್ಕಟ್ಟಾಗಿಯೇ ಇಟ್ಟು, ಒಳಗೆ ಜೇನುಗೂಡಿನಂಥ ಒಂದು ಜಾಲರಿಯನ್ನೂ ಕೂರಿಸಿರುತ್ತಾರೆ. ಹೊಗೆಯ ವಿಷ ಕಡಿಮೆ ಮಾಡುವ ಆ ಜಾಲರಿಗೆ ಕ್ಯಾಟ್ ಎಂದು ಹೆಸರು. ದಾರಿ ಅಗಲವಾದರೆ ಉಸಿರು ಸಲೀಸು, ಉಸಿರು ಸಲೀಸಾದರೆ ಕಾರಿಗೆ ಹುರುಪು. ನಮಗೆ ಪ್ರಾಣಾಯಾಮ ಕಲಿಸಲು ಬರುತ್ತಿದ್ದ ಮಾಸ್ಟ್ರು, ಉಸಿರು ಬಿಡುವ ರೇಚಕವನ್ನು ಸರಿಯಾಗಿ ಮಾಡಿ, ಎಳೆದುಕೊಳ್ಳುವ ಪೂರಕ ತಾನಾಗಿಯೇ ಆಗುತ್ತದೆ ಎನ್ನುತ್ತಿದ್ದರು. ನಾನು ಅವರ ತರಗತಿಯನ್ನು ಎರಡೇ ವಾರಕ್ಕೆ ಬಿಟ್ಟವನು. ಆದರೂ ಆ ಉಪದೇಶ ಕಾರಿನ ವಿಷಯದಲ್ಲಿ ಉಪಯೋಗಕ್ಕೆ ಬಂತು.

ನಮ್ಮ ಮನೆ ಕಾಟಿಪಳ್ಳದಲ್ಲಿ. ನನ್ನ ಕ್ಲಿನಿಕ್ಕು, ಸುಜಾತ ಪಾಠ ಮಾಡುವ ಹೈಸ್ಕೂಲು ಎರಡೂ ಮಂಗಳೂರು ಪೇಟೆಯೊಳಗೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಇಬ್ಬರೂ ಒಂದೇ ಕಾರಿನಲ್ಲಿ. ಮನೆಗೆ ಬಂದ ಮೇಲೆ ಅವಳಿಗೆ ಉತ್ತರಪತ್ರಿಕೆ, ನನಗೆ ಫೋನು, ಮಾತಿಗೆ ಪುರುಸೊತ್ತಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಮುಖ್ಯವಾದದ್ದು ಏನಾದರೂ ತೀರ್ಮಾನವಾಗಿದ್ದರೆ ಅದು ಆ ಹೆದ್ದಾರಿಯಲ್ಲೇ. ಅವಳಿಗೋ ಪೆಟ್ರೋಲಿನ ಹೊಗೆ ಆಗುವುದಿಲ್ಲ, ತಲೆ ಸಿಡಿಯುತ್ತದೆ. ಪೈಪಿನ ಸುದ್ದಿ ಕೇಳಿ ಅವಳು ಜಗಳವನ್ನೇನೂ ಮಾಡಲಿಲ್ಲ.

"ಹಾಕಿ ಮಾರಾಯ್ರೆ, ನಿಮ್ಮ ಆಸೆ. ವಾಸನೆ ಬಂದ್ರೆ ನಾನು ಬಸ್ಸಲ್ಲಿ ಹೋಗ್ತೇನೆ, ಅಷ್ಟೇ" ಎಂದಳು.

ಜಗಳ ಮಾಡಿದ್ದರೆ ವಾಸಿಯಿತ್ತು. ಅವಳು ಹೇಳಿದ್ದನ್ನು ಮಾಡುವವಳು. ಪಕ್ಕದ ಸೀಟು ಖಾಲಿಯಾಗಿರುವ ಕಾರನ್ನು ನೆನೆದು ನನಗೆ ಒಳಗೊಳಗೇ ಹೆದರಿಕೆಯಾಯಿತು. ಆದರೂ ಮೋಹ ಬಿಡಬೇಕಲ್ಲ!

ನಮ್ಮ ಕಡೆಯವರಿಗೆ ಒಂದು ಅಭ್ಯಾಸವುಂಟು. ಯಾವುದಾದರೂ ಸಾಮಾನು ಒಳ್ಳೆಯದೇ ಬೇಕು ಎಂದಾದರೆ ಅಂಗಡಿಗೆ ಹೋಗುವುದಿಲ್ಲ, ಗಲ್ಫಿನಿಂದ ಯಾರು ಬರುವವರಿದ್ದಾರೆ ಎಂದು ವಿಚಾರಿಸುತ್ತೇವೆ. ಟಾರ್ಚು, ಕಂಬಳಿ, ಸೊಂಟನೋವಿನ ಮುಲಾಮು ಎಲ್ಲ ಬಂದದ್ದು ಹಾಗೆಯೇ. ಸುಜಾತಳ ತಮ್ಮ ಪ್ರಶಾಂತ ದುಬೈಯಲ್ಲಿದ್ದಾನೆ. ಅಲ್ಲಿ ಸಿಗದ್ದು ಯಾವುದೂ ಇಲ್ಲ ಭಾವ ಎಂದ, ನನ್ನ ಕಾರಿನ ಮಾಡೆಲ್ಲು ಕೇಳಿಕೊಂಡ, ರಜೆಯಲ್ಲಿ ಬರುವಾಗ ಖರ್ಜೂರದ ಡಬ್ಬಿಗಳ ನಡುವೆ ಕಂಬಳಿಯಲ್ಲಿ ಸುತ್ತಿ ತಂದೇಬಿಟ್ಟ. ಬಜಪೆಯ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿ ಇದು ಎಂತ ಎಂದು ಕೇಳಿದ್ದಕ್ಕೆ, ಭಾವನ ಪೈಪು ಎಂದು ಉತ್ತರ ಕೊಟ್ಟನಂತೆ. ಮೂರು ಇಂಚು ಅಗಲ, ಮುಖ ಕಾಣಿಸುವಷ್ಟು ಹೊಳಪು, ಒಳಗೆ ಕ್ಯಾಟ್ ಇಲ್ಲ. ಎರಡು ದಿನ ಅದನ್ನು ಸೋಫಾದ ಮೇಲಿಟ್ಟು ಹೋಗುವಾಗ ಬರುವಾಗ ನೋಡಿದೆ.

ಮೂರನೆಯ ದಿನ ಅದನ್ನು ಹಮೀದಾಕನ ವರ್ಕ್‌ಶಾಪಿಗೆ ಕೊಂಡುಹೋದೆ. ನಾವು ಸಂಕ ಎನ್ನುವ ಕೂಳೂರು ಸೇತುವೆಗೆ ಸ್ವಲ್ಪ ಮೊದಲು, ಒಂದು ಟಯರಿನ ಅಂಗಡಿಯ ಹಿಂದೆ ಅವರ ವರ್ಕ್‌ಶಾಪು. ಅರುವತ್ತರ ಹತ್ತಿರದ ಮನುಷ್ಯ; ಹದಿನೆಂಟು ವರ್ಷ ಶಾರ್ಜಾದಲ್ಲಿ ಸೈಲೆನ್ಸರಿನ ಕೆಲಸವನ್ನೇ ಮಾಡಿ ಊರಿಗೆ ಬಂದವರು. ಅವರು ಪೈಪನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ಆಮೇಲೆ ಬೆರಳು ತೂರಿಸಿ ವೆಲ್ಡಿಂಗಿನ ಒಳಸುತ್ತನ್ನು ನಿಧಾನವಾಗಿ ಸವರಿದರು. ಅಲ್ಲಿ ಒಂದು ಕೂದಲಿನಷ್ಟು ಉಬ್ಬಿದ್ದರೂ ಹೊಗೆ ಎಡವುತ್ತದಂತೆ. ಮೂವತ್ತು ವರ್ಷದಿಂದ ಊರವರ ಬಾಯಿಯೊಳಗೆ ಅಂಚು ಹುಡುಕಿದವನು ನಾನು, ಇಂಥ ಬೆರಳನ್ನು ನೋಡಿದರೆ ನನಗೆ ಗೊತ್ತಾಗುತ್ತದೆ. ಆ ಕ್ಷಣದಿಂದಲೇ ನಾನು ಅವರ ಅಭಿಮಾನಿಯಾದೆ.

"ಪೈಪು ಒಳ್ಳೇದುಂಟು ಡಾಕ್ಟ್ರೇ. ಆದ್ರೆ ನಿಮ್ಮ ಕಾರಿನದ್ದಲ್ಲ. ಅಲ್ಲಿ ಸ್ಟೇರಿಂಗ್ ಎಡಗಡೆ" ಎಂದರು.

ಬಾನೆಟ್ ತೆರೆದು ತೋರಿಸಿದರು. ದುಬೈಯ ಕಾರಿನಲ್ಲಿ ಪೈಪು ಇಳಿಯುವ ಜಾಗದಲ್ಲಿ ನಮ್ಮ ಕಾರಿನ ಸ್ಟೇರಿಂಗಿನ ದಂಡ ಅಡ್ಡ ನಿಂತಿತ್ತು. ಮೂರು ತಿಂಗಳು ಓದಿದ, ನಾಲ್ಕು ಸಲ ದುಬೈ ನೋಡಿ ಬಂದ ನನಗೆ ಇದು ಹೊಳೆದಿರಲೇ ಇಲ್ಲ. ಹಮೀದಾಕ ನಗಲಿಲ್ಲ. ಮೂಲೆಯಲ್ಲಿದ್ದ ಒಂದು ರಾಶಿಯ ಕಡೆ ಕೈ ತೋರಿಸಿದರು. ಫಳಫಳ ಹೊಳೆಯುವ ಏಳೆಂಟು ಪೈಪುಗಳು, ಎಲ್ಲವೂ ಭಾವಂದಿರಿಗೋ ಅಣ್ಣಂದಿರಿಗೋ ಗಲ್ಫಿನಿಂದ ಕಂಬಳಿ ಸುತ್ತಿಕೊಂಡು ಬಂದವು. ಆ ರಾಶಿ ನೋಡಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಹಾಗಾದರೆ ಯಾವುದು ಹಾಕುವುದು ಎಂದು ಕೇಳಿದೆ. ಇಲ್ಲೇ ಅವರ ಪದ್ಧತಿ ಬೇರೆ. ಉಳಿದವರು ಗಿರಾಕಿಯನ್ನು ಬಜಪೆಯ ರಸ್ತೆಗೆ ಕರೆದುಕೊಂಡು ಹೋಗಿ, ಏರಿನಲ್ಲಿ ಒಮ್ಮೆ ಆಕ್ಸಿಲರೇಟರ್ ಒತ್ತಿಸುತ್ತಾರೆ. ಗಿರಾಕಿ ಹಲ್ಲು ಬಿಡುತ್ತಾನೆ, ಅಲ್ಲಿಗೆ ವ್ಯಾಪಾರ ಮುಗಿಯಿತು. ಹಮೀದಾಕ ಮೊದಲ ದಿನ ಯಾರಿಗೂ ಪೈಪು ಕೊಡುವುದಿಲ್ಲ. ಅವರದೊಂದು ಹಳೆಯ ಕಾರಿಗೆ ಕ್ಯಾಟ್ ಇಲ್ಲದ ಮೂರಿಂಚಿನ ಪೈಪು ಹಾಕಿಟ್ಟಿದ್ದಾರೆ. ಸಂಜೆ ಆರು ಗಂಟೆಗೆ ಬರಬೇಕು, ದಿನಾ ಪಕ್ಕದ ಸೀಟಿನಲ್ಲಿ ಕೂರುವವರನ್ನು ಕರೆತರಬೇಕು, ಆ ಕಾರಿನಲ್ಲಿ ಕೂಳೂರು ಸಂಕ ದಾಟಬೇಕು. ಆ ಹೊತ್ತಿಗೆ ಅಲ್ಲಿ ಯಾರೂ ದಾಟುವುದಿಲ್ಲ, ನಿಂತಿರುತ್ತಾರೆ ಎಂಬುದು ಊರಿಗೇ ಗೊತ್ತಿದ್ದದ್ದು. ಓಡುವಾಗ ಎಲ್ಲ ಪೈಪೂ ಒಳ್ಳೆಯದೇ, ನಿಂತಾಗ ಹೇಗೆಂದು ನೋಡಬೇಕು ಎಂಬುದು ಅವರ ವಾದ. ಆ ಟ್ರಾಫಿಕ್ ಜಾಮನ್ನು ಬೈಯದ ಮಂಗಳೂರಿನವರನ್ನು ನಾನು ನೋಡಿಲ್ಲ, ಅದರಿಂದ ಕೆಲಸ ಮಾಡಿಸಿಕೊಂಡವರು ಇವರೊಬ್ಬರೇ.

ಗುರುವಾರ ಸಂಜೆ ಹೋದೆವು. ನಾನು ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಸುಜಾತ, ಹಿಂದೆ ಹಮೀದಾಕ. ಸಂಕದ ನಡುವೆ ಮುಂದೊಂದು ಲಾರಿ, ಹಿಂದೊಂದು ಟ್ಯಾಂಕರು, ಕೆಳಗೆ ನದಿ. ನಿಜ ಹೇಳುತ್ತೇನೆ, ಆ ಸದ್ದು ನನಗೆ ಬಹಳ ಹಿಡಿಸಿತು. ಕಾಲು ಮುಟ್ಟಿಸಿದರೆ ಸಾಕು, ಸೀಟಿನ ಅಡಿಯಿಂದ ಗುಡುಗು ಎದ್ದು ಬೆನ್ನು ಹತ್ತುತ್ತಿತ್ತು. ಹಾಗೆಯೇ ಹಸಿ ಪೆಟ್ರೋಲಿನ ಘಾಟೂ ಬಂತು. ಸುಜಾತ ಸೆರಗನ್ನು ಮೂಗಿಗೆ ಹಿಡಿದಳು. ತಲೆ ನೋಯುತ್ತಿದೆಯೇ ಎಂದು ಕೇಳಿದೆ. ಅವಳು ಮುಂದೆ ನೋಡುತ್ತಲೇ ಇದ್ದಳು. ಇನ್ನೊಮ್ಮೆ ಕೇಳಿದೆ. ಆಗಲೂ ಮಾತಿಲ್ಲ. ಸಿಟ್ಟು ಬಂದಿದೆ ಎಂದುಕೊಂಡು ನಾನೂ ಸುಮ್ಮನಾದೆ. ಇಪ್ಪತ್ತು ನಿಮಿಷವಾದ ಮೇಲೆ ಆಚೆ ದಡ ಸೇರಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ.

"ತಲೆನೋವಿಗೆ ಮಾತ್ರೆ ಉಂಟು" ಎಂದಳು ಸುಜಾತ. "ನೀವು ಎರಡು ಸಲ ಎಂತದೋ ಹೇಳಿದ್ರಿ. ಬಾಯಿ ಅಲ್ಲಾಡಿದ್ದು ಕಾಣ್ತಿತ್ತು. ನನಗೆ ಕೇಳ್ಲೇ ಇಲ್ಲ."

ನನಗೆ ನಾಚಿಕೆಯಾಯಿತು. ನಾನು ಹತ್ತು ಉತ್ತರ ತಯಾರಿಟ್ಟುಕೊಂಡು ಬಂದದ್ದು ವಾಸನೆಯ ಬಗ್ಗೆ. ಅವಳು ಬಸ್ಸು ಹತ್ತದೆ ಪಕ್ಕದಲ್ಲೇ ಕೂತಿದ್ದರೂ ನಾನು ಅವಳನ್ನು ಕಳೆದುಕೊಳ್ಳಬಹುದಿತ್ತು ಎಂದು ಅಲ್ಲಿ ನಿಂತಾಗ ತಿಳಿಯಿತು. ಹಿಂದಿನ ಸೀಟಿನಿಂದ ಹಮೀದಾಕ ತಮ್ಮ ಕಥೆ ಹೇಳಿದರು. ಶಾರ್ಜಾದಲ್ಲಿದ್ದಾಗ ವಾರಕ್ಕೊಮ್ಮೆ ವರ್ಕ್‌ಶಾಪಿನ ಮೂಲೆಯಿಂದಲೇ ಹೆಂಡತಿಗೆ ಫೋನು ಮಾಡುತ್ತಿದ್ದರಂತೆ. ಸುತ್ತ ಗ್ರೈಂಡರಿನ ಗಲಾಟೆ. ಆಕೆಯ ಅರ್ಧ ಮಾತು ಇವರಿಗೆ ಕೇಳುತ್ತಿರಲಿಲ್ಲ, ಆಯ್ತು ಆಯ್ತು ಎಂದು ಇಡುತ್ತಿದ್ದರಂತೆ. ಯಾವುದಕ್ಕೆಲ್ಲ ಆಯ್ತು ಎಂದಿದ್ದೇನೋ ಇವತ್ತಿಗೂ ಗೊತ್ತಿಲ್ಲ ಎಂದು ಸಣ್ಣಗೆ ನಕ್ಕರು. ಆಮೇಲೆ ನನ್ನ ಭುಜ ತಟ್ಟಿದರು.

"ನಿಮ್ಮದು ಇಬ್ಬರು ಕೂರುವ ಕಾರು ಡಾಕ್ಟ್ರೇ. ಒಬ್ಬರ ಪೈಪು ಹಾಕ್ಲಿಕ್ಕಾಗುದಿಲ್ಲ."

ಆರಿಸುವ ಕೆಲಸ ಅಲ್ಲಿಗೆ ಮುಗಿಯಿತು. ಎರಡೂವರೆ ಇಂಚಿನದು, ಜಾಲರಿಯ ಕಣ್ಣು ಸ್ವಲ್ಪ ಅಗಲವಾದ ಹೊಸ ಕ್ಯಾಟ್ ಇರುವುದು, ಹೊಗೆ ತಪಾಸಣೆಯಲ್ಲಿ ತಲೆ ತಗ್ಗಿಸಬೇಕಾಗಿಲ್ಲದ್ದು. ಹೊಳಪು ಏನೇನೂ ಇಲ್ಲ, ಸೋಫಾದ ಮೇಲೆ ಇಡುವಂಥದ್ದಲ್ಲ. ಎರಡು ವಾರದ ಮೇಲೆ ಹಮೀದಾಕ ಅದನ್ನು ಕೂರಿಸುವುದನ್ನು ನಾನು ಸ್ಟೂಲು ಹಾಕಿ ಕೂತು ನೋಡಿದೆ. ಪ್ರತಿ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿದರು, ಆಮೇಲೆ ಎದುರುಬದುರು ಒಂದೊಂದಾಗಿ, ಸ್ವಲ್ಪ ಸ್ವಲ್ಪವೇ ಬಿಗಿಸಿದರು. ನನ್ನ ಕ್ಲಿನಿಕ್ಕಿಗೆ ಕೆಲಸ ಕಲಿಯಲು ಬಂದು ಅವಸರ ಮಾಡುವ ಹುಡುಗರನ್ನೆಲ್ಲ ಕರೆತಂದು ತೋರಿಸಬೇಕು ಅನ್ನಿಸಿತು.

ಅದೇ ಸಂಜೆ ಹೊಸ ಪೈಪಿನ ಕಾರಿನಲ್ಲಿ ಇಬ್ಬರೂ ಮನೆಗೆ ಹೊರಟೆವು. ಸಂಕದ ಮೇಲೆ ಕಾರು ನಿಂತಾಗ ಸುಜಾತ ಮೆಲ್ಲಗೆ ಶುರು ಮಾಡಿದಳು. ಶಾಲೆಯಲ್ಲಿ ಅವಳಿಗೆ ಮುಖ್ಯೋಪಾಧ್ಯಾಯಿನಿ ಆಗು ಎನ್ನುತ್ತಿದ್ದಾರೆ, ಒಪ್ಪುವುದೋ ಬೇಡವೋ. ತಿಂಗಳಿಂದ ಹೇಳಬೇಕೆಂದಿದ್ದಳಂತೆ, ನಾನು ಪೈಪಿನ ಮಾತು ನಿಲ್ಲಿಸಿರಲಿಲ್ಲವಂತೆ. ಬೇಡ ಎಂಬುದಕ್ಕೆ ಅವಳಲ್ಲಿ ಆರು ಕಾರಣಗಳಿದ್ದವು. ಪಣಂಬೂರು ದಾಟುವಾಗ ಅದು ಮೂರಾಯಿತು, ಸುರತ್ಕಲ್ ಬರುವಾಗ ಒಂದೂ ಉಳಿದಿರಲಿಲ್ಲ.

ಮರುದಿನ ಹಮೀದಾಕ ಫೋನು ಮಾಡಿ ಸೌಂಡ್ ಹೇಗುಂಟು ಎಂದು ಕೇಳಿದರು. ನಾನು ತಡವರಿಸಿದೆ. ಏರಿನಲ್ಲಿ ಕಾರು ಹಗುರಾಗಿ ಎದ್ದು ಓಡಿದ್ದು ಕಾಲಿಗೆ ನೆನಪಿತ್ತು, ಸದ್ದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೇಳಲು ಮರೆತೇ ಹೋಯಿತು ಎಂದು ಒಪ್ಪಿಕೊಂಡೆ. ಅವರಿಗೆ ಬೇಸರವಾಯಿತೇನೋ ಎಂದುಕೊಂಡೆ.

"ಹಾಗಾದ್ರೆ ಸರಿ ಕೂತಿದೆ" ಎಂದು ಫೋನು ಇಟ್ಟರು.

ನಾನು ಹೊಸ ಹಲ್ಲು ಕಟ್ಟಿಸಿಕೊಂಡವರನ್ನು ವಾರ ಬಿಟ್ಟು, ಹೇಗಿದೆ ಎಂದು ಕೇಳುವುದುಂಟು. ಕೆಲವರು ಯಾವ ಹಲ್ಲು ಎಂದು ನಾಲಗೆಯಿಂದ ಹುಡುಕತೊಡಗುತ್ತಾರೆ. ಆಗ ನನಗಾಗುವ ಖುಷಿಯೇ ಹಮೀದಾಕನಿಗೂ ಆಗಿರಬೇಕು.