ಹುತ್ತದೊಳಗೆ ಹೋಗದ ಬಸಮ್ಮ

ಬಸಮ್ಮಾ, ನೀನು ಬದುಕಿರುವಾಗಲೇ ನಿನ್ನನ್ನು ದೇವರು ಮಾಡಿದವನು ನಾನು. ಸಾಲಗುಂದದ ನಿಮ್ಮ ಹೊಲದ ಹುತ್ತದೊಳಗೆ ಹೋಗಿ ನೀನು ಶಿವನಲ್ಲಿ ಐಕ್ಯಳಾದೆ ಎಂಬ ಕತೆಯನ್ನು ನಿಮ್ಮಪ್ಪ ಬೇಡಿದ, ನಾನು ಕಟ್ಟಿದೆ. ಅದು ಒಂದು ತಪ್ಪು. ಅದಕ್ಕಿಂತ ದೊಡ್ಡದು ಇನ್ನೊಂದಿದೆ — ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ.

ನಾನು ಹೆಳವ. ಮನೆಮನೆಗೆ ಹೋಗಿ ಅವರವರ ವಂಶಾವಳಿ ಓದುವುದು ನಮ್ಮ ಕುಲದ ಕೆಲಸ. ಮುತ್ತಜ್ಜ ಎತ್ತಿನ ಮೇಲೆ ಕೂತು ಬರುತ್ತಿದ್ದ, ನಾನು ಟಂಟಂ ಹತ್ತಿ ಬರುತ್ತೇನೆ. ಪುಸ್ತಕ ಮಾತ್ರ ಅದೇ. ಯಾರ ಮಗ ಯಾರು, ಯಾವ ಊರಿಂದ ಬಂದವರು, ಯಾವ ಹೆಣ್ಣನ್ನು ಎಲ್ಲಿಗೆ ಕೊಟ್ಟರು — ಅದರಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಳವ ಓದಿದ್ದನ್ನು ಯಾರೂ ಎದುರು ನಿಂತು ಸುಳ್ಳು ಎನ್ನುವುದಿಲ್ಲ.

ಹಟ್ಟಿ ಗಣಿಯಲ್ಲಿ ಪಾಳಿ ಕೆಲಸ ಮಾಡುವ ಹುಡುಗನ ಜೊತೆ ನೀನು ಹೋದ ಮರುದಿನವೇ ನಿಮ್ಮಪ್ಪ ಮಸ್ಕಿಯಲ್ಲಿದ್ದ ನಮ್ಮ ಬಿಡಾರ ಹುಡುಕಿಕೊಂಡು ಬಂದ. ಅಷ್ಟು ದೊಡ್ಡ ಗೌಡ, ನನ್ನ ಗುಡಾರದ ಮುಂದೆ ಬರೀ ನೆಲದ ಮೇಲೆ ಕೂತ. ಹುಡುಗ ಬೇರೆ ಜಾತಿಯವನು. ನಿನ್ನ ಬೆನ್ನಿಗೆ ಇನ್ನೂ ಇಬ್ಬರು ತಂಗಿಯರು. ನಿಮ್ಮವ್ವ ತವರಿಗೆ, ಗುರುಗುಂಟಾಕ್ಕೆ ಹೋಗಿದ್ದಳು.

"ಆಕಿ ಹೋದದ್ದು ನನಗೊಬ್ಬಗ ಗೊತ್ತೈತಿ," ಅಂದ. "ಪುಸ್ತಕದಾಗ ಆಕಿ ಹೆಸರು ತೆಗೀಬ್ಯಾಡ. ತೆಗದ್ರ ಮಂದಿ ಯಾಕ ಅಂತಾರ. ಏನರ ಚಲೋದು ಬರಿ."

ಚಲೋದೇ ಬರೆದೆ. ನೀನು ಹಾಲಿನ ಗಿಂಡಿ ಹಿಡಿದು ಹುತ್ತದ ಹತ್ತಿರ ಹೋದದ್ದು, ಹುತ್ತ ಬಾಯಿ ತೆರೆದದ್ದು, ಹೊರಗೆ ಹಸಿರು ಬಳೆಗಳಷ್ಟೇ ಉಳಿದದ್ದು. ಬಳೆ ನಿಮ್ಮಪ್ಪ ಹೇಳಿದ್ದಲ್ಲ, ನಾನೇ ಸೇರಿಸಿದ್ದು. ಅವನು ಊರಿಗೆ ಹೋದವನೇ ಪೆಟ್ಟಿಗೆಯಿಂದ ನಿನ್ನ ಬಳೆ ತೆಗೆದು ಹುತ್ತದ ಮುಂದಿಟ್ಟನಂತೆ. ಓದುವಾಗ ಬಳೆಯ ಮಾತು ಬಂದರೆ ಹೆಂಗಸರು ಸೆರಗು ಕಣ್ಣಿಗೆ ಒತ್ತುತ್ತಿದ್ದರು. ನನಗೆ ಒಳಗೊಳಗೆ ಹಿಗ್ಗು — ನಾಚಿಕೆಗೆಟ್ಟವನು ನಾನು.

ನಿಮ್ಮವ್ವ ಅಮರಮ್ಮ ತವರಿನಿಂದ ಬಂದವಳು ಅಳಲಿಲ್ಲ. ನಾನು ಓದಿ ಮುಗಿಸುವವರೆಗೆ ಕಂಬಕ್ಕೆ ಒರಗಿ ಕೂತಿದ್ದು, ಆಮೇಲೆ ಹತ್ತಿರ ಬಂದಳು.

"ಯಣ್ಣಾ, ಇವರ್ಯಾರ ಮಾತೂ ನಾ ನಂಬಂಗಿಲ್ಲ. ನೀ ಹೇಳು. ನನ್ನ ಮಗಳು ಹುತ್ತದಾಗ ಹೋಗ್ಯಾಳ ಅನ್ನೋದು ಖರೇನ?"

"ಖರೆ ಐತವ್ವಾ," ಅಂದೆ.

ಆಗ ಅತ್ತಳು. ಅವತ್ತಿನಿಂದ ಪ್ರತಿ ಸೋಮವಾರ ಆ ಹುತ್ತಕ್ಕೆ ಹಾಲೆರೆದಳು. ನೋಡುನೋಡುತ್ತಿದ್ದಂತೆ ಸಿಂಧನೂರಿನಿಂದ, ಲಿಂಗಸುಗೂರಿನಿಂದ ಮಕ್ಕಳಿಲ್ಲದವರು ಬಂದು ಅಲ್ಲಿ ತೊಟ್ಟಿಲು ಕಟ್ಟತೊಡಗಿದರು. ಬಸಮ್ಮನ ತಂಗಿಯರೆಂದೇ ನಿನ್ನ ತಂಗಿಯರಿಗೆ ದೊಡ್ಡ ಮನೆಗಳ ಸಂಬಂಧ ಕೂಡಿ ಬಂತು. ಕತೆಯಿಂದ ಯಾರಿಗೆ ಏನು ಕೆಟ್ಟದ್ದಾಯಿತು ಎಂದು ನನ್ನನ್ನೇ ಕೇಳಿಕೊಂಡು ಆರಾಮಾಗಿದ್ದೆ.

ನಾಲ್ಕು ವರ್ಷದ ಮೇಲೆ ಹಟ್ಟಿ ಸಂತೆಯಲ್ಲಿ ನೀನೇ ನನ್ನನ್ನು ಗುರುತು ಹಿಡಿದೆ. ಕಂಕುಳಲ್ಲಿ ಕೂಸು.

"ಕಾಕಾ, ಅವ್ವ ಹೆಂಗದಾಳ? ಇಕಿಗೆ ಅವ್ವನ ಹೆಸರೇ ಇಟ್ಟೀನಿ. ಬರೋ ಸೋಮವಾರ ಊರಿಗೆ ಹೋಗಬೇಕಂತ ಮಾಡೀನಿ. ಅಪ್ಪ ಹೊಡದ್ರ ಹೊಡೀಲಿ."

ನಿನ್ನ ತಂಗಿಯರ ಗತಿ ಏನು ಎಂದು ಯೋಚಿಸಿದೆ — ಹೀಗೆ ಬರೆದರೆ ಓದಲು ಚೆನ್ನಾಗಿರುತ್ತದೆ. ಮೊದಲು ತಲೆಗೆ ಬಂದದ್ದು ಅದಲ್ಲ. ಹುತ್ತಕ್ಕೆ ಹೋದವಳು ಕೂಸು ಎತ್ತಿಕೊಂಡು ಬಸ್ಸಿಳಿದರೆ ನನ್ನ ಪುಸ್ತಕ ಸುಳ್ಳಾಗುತ್ತದೆ. ಒಂದು ಸಾಲು ಸುಳ್ಳಾದರೆ ಮಿಕ್ಕ ಸಾಲುಗಳನ್ನು ಯಾರು ನಂಬುತ್ತಾರೆ? ಅಷ್ಟೇ ಬಂದದ್ದು.

"ಹೋಗಬ್ಯಾಡ ಯವ್ವಾ," ಅಂದೆ. "ನಿಮ್ಮವ್ವ ಹೇಳ್ಯಾಳ — ಆಕಿ ನನ್ನ ಪಾಲಿಗೆ ಸತ್ತಾಳ, ಮಾರಿ ತೋರಸಬ್ಯಾಡ ಅಂತ."

ನೀನು ಕೂಸಿನ ಕುಂಚಿಗೆ ಸರಿಪಡಿಸಿದೆ. "ಹಂಗಂದ್ಳೇನು" — ಅಷ್ಟೇ ನಿನ್ನ ಮಾತು. ಆಮೇಲೆ ಊರ ಕಡೆಯವನೆಂದು ನನಗೆ ಚಹಾ ಕೊಡಿಸಿದೆ. ನಾನು ಅದನ್ನು ಕುಡಿದೆ, ಬಸಮ್ಮಾ. ಕುಡಿದು ಎದ್ದು ಬಂದೆ.

ನನ್ನ ಪುಸ್ತಕದಲ್ಲಿ ಹೆಚ್ಚುಕಡಿಮೆ ಪ್ರತಿ ಮನೆತನಕ್ಕೂ ಇಂಥದೊಂದು ಕತೆಯಿದೆ. ಕೆರೆಗೆ ಹಾರವಾದ ಸೊಸೆ, ಬೆಂಕಿಯಲ್ಲಿ ಹೂವಾದ ಮಗಳು, ಹಾವಾಗಿ ಮನೆ ಕಾಯುವ ಹಿರಿಯ. ಮನುಷ್ಯರು ಇಂಥವನ್ನೆಲ್ಲ ಯಾಕೆ ಕಟ್ಟುತ್ತಾರೆ ಎಂದು ಸಣ್ಣವನಿದ್ದಾಗ ಅಜ್ಜನನ್ನು ಕೇಳಿದ್ದೆ. "ತಿಳೀಲಾರದ್ದಕ್ಕ ಒಂದು ಕತಿ ಬೇಕಾಗತೈತಲೇ, ಇಲ್ಲಂದ್ರ ಮಂದಿಗೆ ಉಂಡದ್ದು ಮೈಗೆ ಹತ್ತಂಗಿಲ್ಲ," ಅಂದಿದ್ದ. ಮಳೆ, ಸಿಡಿಲು, ಸಾವು — ಅವಕ್ಕೆ ಇರಬಹುದು. ಆದರೆ ನಾನೂ ನಿಮ್ಮಪ್ಪನೂ ಎಲ್ಲಾ ತಿಳಿದೇ ಕಟ್ಟಿದೆವು. ತಿಳಿದದ್ದನ್ನು ಮನೆಯಲ್ಲಿಟ್ಟುಕೊಳ್ಳಲು ಆಗದೆ ಕಟ್ಟಿದೆವು. ಈಗ ಆ ಸೊಸೆಯ ಕತೆ ಓದಲು ಹೋದರೆ ನಾಲಿಗೆ ತಡವರಿಸುತ್ತದೆ. ಆಕೆ ತಾನಾಗಿ ಹೋದಳೋ, ಯಾರಾದರೂ ದೂಡಿದರೋ... ಆಕೆಯ ತಾಯಿಯೂ ಬಂದು ಯಾರನ್ನೋ ಕೇಳಿರಬೇಕು. ಖರೆ ಎಂದವನು ನನ್ನ ಮುತ್ತಜ್ಜನೇ ಇದ್ದಾನು.

ನಿಮ್ಮಪ್ಪ ತೀರಿಕೊಂಡ ಮೇಲೆ ಸಾಲಗುಂದಕ್ಕೆ ಹೋದೆ. ನಿಮ್ಮವ್ವನಿಗೆ ಕಣ್ಣು ಮಂಜಾಗಿತ್ತು. ನನ್ನ ಕೈ ಹಿಡಿದುಕೊಂಡೇ ಹುತ್ತದವರೆಗೆ ನಡೆದಳು. ಹಾಲೆರೆದು, ಅಲ್ಲೇ ಬದುವಿನ ಮೇಲೆ ಕೂತು ಹೇಳಿದಳು:

"ಮಂದಿ ದೇವರಾಗ್ಯಾಳ ಅಂತಾರ. ನನಗ ದೇವರು ಯಾಕ ಬೇಕಾಗಿತ್ತಣ್ಣಾ? ಯಾರ ಜತಿಗರ ಓಡಿಹೋಗಿದ್ರ ಚಲೋ ಇತ್ತು. ಹುಡುಕಿಕೊಂಡು ಹೋಗಿ ಆಕಿ ಮನ್ಯಾಗ ಒಂದ್ ರೊಟ್ಟಿ ಉಂಡು ಬರತಿದ್ದೆ."

ಹಟ್ಟ್ಯಾಗ ಅದಾಳ — ಇಷ್ಟೇ ಹೇಳಬೇಕಿತ್ತು ನಾನು. ಬೆಳಿಗ್ಗೆ ಬಸ್ಸು ಹತ್ತಿಸಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಆಕೆ ನಿನ್ನ ಮನೆಯಲ್ಲಿರುತ್ತಿದ್ದಳು. ಬಾಯಿ ತೆರೆದೆ, ಮತ್ತೆ... ಹುತ್ತಕ್ಕೆ ಕೈಮುಗಿದೆ. ಹೋದ ಸುಗ್ಗಿಯಲ್ಲಿ ಆಕೆ ತೀರಿಕೊಂಡಳು.

ಪುಸ್ತಕದಲ್ಲಿ ಆ ಸಾಲು ಹೊಡೆದು ಹಾಕಿದ್ದೇನೆ. 'ಬಸಮ್ಮ, ಹಟ್ಟಿಗೆ ಕೊಟ್ಟದ್ದು' ಎಂದು ಬರೆಯಲು ಹೋಗಿ ನಿಲ್ಲಿಸಿದೆ — ಯಾರೂ ಕೊಟ್ಟಿಲ್ಲವಲ್ಲ. 'ಹಟ್ಟಿಗೆ ಹೋದಳು, ಅಲ್ಲಿ ಬಾಳಿದಳು, ಮಗಳು ಅಮರಮ್ಮ' ಎಂದು ಬರೆದಿದ್ದೇನೆ. ಸಾಲಗುಂದದಲ್ಲಿ, ನಿಮ್ಮ ಮನೆಯ ಮುಂದೆಯೇ, ಅದನ್ನು ಓದುತ್ತೇನೆ. ಆಮೇಲೆ ಯಾರೂ ನನ್ನನ್ನು ಕರೆಯದಿದ್ದರೆ ಬೇಡ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನಗೆ ಸೇರಬೇಕಾದ ಮಾತೊಂದು ನನ್ನ ಹತ್ತಿರ ಇಷ್ಟು ವರ್ಷ ಉಳಿದಿತ್ತು, ಅದನ್ನು ಒಪ್ಪಿಸುತ್ತಿದ್ದೇನೆ. ಸಂತೆಯಲ್ಲಿ ನೀನು ಕೇಳಿದ್ದು ನನ್ನ ಮಾತು. ನಿಮ್ಮವ್ವ ನಿನ್ನನ್ನು ಬೇಡ ಅನ್ನಲಿಲ್ಲ, ಬಸಮ್ಮಾ. ಒಂದು ದಿನವೂ ಅನ್ನಲಿಲ್ಲ.